ಫ್ರೇಮ್ ಫ್ರೇಮೂ ಚಂದ, ಆದ್ರೆ ನನಗೇನೂ ಆಗ್ಲಿಲ್ಲ. ತಪ್ಪು ನನ್ನದಾ?

ಕೊನೆಸಾಲು (ಪ್ರಶ್ನೆ ಕೇಳಿದವರು)

ನನಗೊಂದು ಅಭ್ಯಾಸ ಇದೆ. ಸಿನಿಮಾ ಮುಗಿದ ಮೇಲೆ, ಫೋನ್ ಮುಟ್ಟುವ ಮೊದಲು, ಒಂದು ಸಣ್ಣ ಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತೇನೆ. ಯೋಚನೆ ಮಾಡಿ ಬರೆಯುವ ಹಾಗಿಲ್ಲ. ತಲೆಗೆ ಮೊದಲು ಬಂದದ್ದನ್ನೇ ಬರೆಯಬೇಕು. ಅರ್ಧ ಕತ್ತಲಲ್ಲಿ ಗೀಚಿದ್ದು, ಎಷ್ಟೋ ಸಲ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ.

ಈಚೆಗೆ ಎರಡು ತಿಂಗಳು, "ಕಲ್ಪನೆ ಅಂದ್ರೆ ಇವರದ್ದಪ್ಪಾ" ಅಂತ ಎಲ್ಲರೂ ಹೊಗಳುವ ನಿರ್ದೇಶಕರ ಹೊಸ ಸಿನಿಮಾಗಳನ್ನೇ ಹುಡುಕಿ ನೋಡಿದೆ. ಮೊನ್ನೆ ಕೂತು ಆ ಸಾಲುಗಳನ್ನು ಓದಿದರೆ ಒಂಥರಾ ಆಯಿತು. ವೆಸ್ ಆಂಡರ್ಸನ್ ಅವರ 'ಆಸ್ಟರಾಯ್ಡ್ ಸಿಟಿ'ಗೆ (2023) ಬರೆದದ್ದು: "ಕಿತ್ತಳೆ ಮರಳು. ನೀಲಿ ಆಕಾಶ. ನಿದ್ದೆ." ಯೋರ್ಗೊಸ್ ಲ್ಯಾಂಥಿಮೋಸ್ ಅವರ 'ಪೂರ್ ಥಿಂಗ್ಸ್'ಗೆ (2023): "ಲೆನ್ಸ್, ಲೆನ್ಸ್, ಲೆನ್ಸ್. ತಲೆನೋವು." ಅಷ್ಟೇ. ಎರಡೂವರೆ ಗಂಟೆ ಹತ್ತಿರದ ಸಿನಿಮಾ, ನಾಲ್ಕು ಆಸ್ಕರ್ ಬಂದಿದೆ, ನನಗೆ ಉಳಿದದ್ದು ತಲೆನೋವು.

ಹಾಗಂತ ನಾನು ಇಂಥ ಸಿನಿಮಾಗಳ ವಿರೋಧಿ ಅಲ್ಲ. ಹಯಾವೊ ಮಿಯಾಝಾಕಿ ಅವರ 'ದಿ ಬಾಯ್ ಅಂಡ್ ದಿ ಹೆರಾನ್'ಗೆ (2023) ಒಂದೇ ಪದ ಇದೆ: "ಕಲ್ಲು." ನೋಡಿದವರಿಗೆ ಗೊತ್ತಿರುತ್ತದೆ. ಮಹಿಟೊ ಅನ್ನೋ ಹುಡುಗ ಶಾಲೆಯ ಹುಡುಗರ ಜೊತೆ ಹೊಡೆದಾಡಿ ಮನೆಗೆ ನಡೆದು ಬರುತ್ತಿರುತ್ತಾನೆ. ಸುಮ್ನೆ ನಡೆಯುತ್ತಿರುತ್ತಾನೆ. ದಾರಿ ಪಕ್ಕದಲ್ಲಿ ಒಂದು ಕಲ್ಲು ಎತ್ತಿಕೊಂಡು ತನ್ನ ತಲೆಯ ಪಕ್ಕಕ್ಕೆ ತಾನೇ ಹೊಡೆದುಕೊಳ್ಳುತ್ತಾನೆ. ಮ್ಯೂಸಿಕ್ ಏರುವುದಿಲ್ಲ, ಮುಖ ಹತ್ತಿರ ತೋರಿಸಿ ಸುಳಿವು ಕೊಡುವುದಿಲ್ಲ. ರಕ್ತ ಸುರಿಯುತ್ತದೆ, ಆ ಗಾಯಕ್ಕೆ ಬರಬೇಕಾದದ್ದಕ್ಕಿಂತ ಜಾಸ್ತಿಯೇ. ಆಮೇಲೆ ಮನುಷ್ಯನಷ್ಟು ದೊಡ್ಡ ಗಿಳಿಗಳು ಬಂದವು, ಗೋಪುರ ಬಂತು, ಇನ್ನೊಂದು ಲೋಕವೇ ಬಂತು. ನನ್ನ ಪುಸ್ತಕದಲ್ಲಿ ಉಳಿದದ್ದು ಮಾತ್ರ ಆ ಕಲ್ಲು.

ಗಿಯೆರ್ಮೊ ಡೆಲ್ ಟೊರೊ ಅವರ 'ಫ್ರಾಂಕೆನ್‌ಸ್ಟೈನ್'ಗೂ (2025) ಹಾಗೇ. ಹಿಮದಲ್ಲಿ ಸಿಕ್ಕಿಕೊಂಡ ಆ ಹಡಗನ್ನು ಗ್ರಾಫಿಕ್ಸ್ ಮಾಡದೆ ನಿಜವಾದ ಅಳತೆಯಲ್ಲೇ ಕಟ್ಟಿದ್ದರಂತೆ. ಸರಿ, ದೊಡ್ಡ ವಿಷಯವೇ. ನಾನು ಬರೆದದ್ದು ಮಾತ್ರ: "ಗಿರಣಿಯೊಳಗೆ ಅವಿತು ಕೂತವನು." ಕುರುಡು ಮುದುಕನ ಮನೆ ಹತ್ತಿರ ಬಚ್ಚಿಟ್ಟುಕೊಂಡು, ಸಂದಿಯಿಂದ ಇಣುಕಿ ಮಾತು ಕಲಿಯುತ್ತಾನಲ್ಲ, ವಿಜ್ಞಾನಿ ಸೃಷ್ಟಿಸಿದ ಆ ಜೀವಿ, ಅವನು.

ಈಗ ಪ್ರಶ್ನೆ. ಮೊದಲ ಎರಡು ಸಿನಿಮಾಗಳಲ್ಲಿ ಕಲ್ಪನೆಗೇನೂ ಕಮ್ಮಿ ಇಲ್ಲ. ಯಾವ ಫ್ರೇಮ್ ನಿಲ್ಲಿಸಿದರೂ ಗೋಡೆಗೆ ಹಾಕಬಹುದು. ಆದರೂ ನನಗೆ ಯಾಕೆ ಏನೂ ಅನಿಸಲಿಲ್ಲ? ನಾನು ನೋಡಿದ್ದೇ ಸರಿ ಇಲ್ಲವಾ, ಅಥವಾ ಒಳಗೆ ನಿಜವಾಗಲೂ ಖಾಲಿಯಾ? "ನಿಮಗೆ ಅರ್ಥ ಆಗಿಲ್ಲ" ಅಂತ ಬರೆಯುವವರು ದಯವಿಟ್ಟು ಏನು ಅರ್ಥ ಆಗಿಲ್ಲ ಅಂತಲೂ ಬರೆಯಿರಿ. (ಕಥೆ ಹೊರಗೆ ಬಂದರೆ ಪರವಾಗಿಲ್ಲ, ಎಲ್ಲ ನೋಡಿದ್ದೇನೆ.)

ಹಳೇರೀಲು

ಕೊನೆಸಾಲು ಅವರೇ, ನಿದ್ದೆ ಎಲ್ಲಿ ಬಂತು ಅಂತ ನೆನಪಿದೆಯಾ? ಕೊನೆಯ ಅರ್ಧ ಗಂಟೆಯಲ್ಲಿ ಬಂದಿದ್ದರೆ ನೀವು ಸಿನಿಮಾವನ್ನೇ ಬಿಟ್ಟುಬಿಟ್ಟಿದ್ದೀರಿ.

ಆಂಡರ್ಸನ್ ಚೌಕಟ್ಟಿನ ಆಕಾರದಲ್ಲೇ ಕಥೆ ಹೇಳುವವರು. 'ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್'ನಲ್ಲಿ (2014) ಮೂರು ಕಾಲಕ್ಕೆ ಮೂರು ಅಳತೆಯ ಚೌಕಟ್ಟು. 1930ರ ದಶಕಕ್ಕೆ ಹಳೆಯ ಸಿನಿಮಾಗಳ ಚೌಕಾಕಾರ, 1960ರ ದಶಕಕ್ಕೆ ಉದ್ದನೆಯ ಅಗಲ ಪರದೆ, 1985ಕ್ಕೆ ನಡುವಿನದ್ದು. 'ಆಸ್ಟರಾಯ್ಡ್ ಸಿಟಿ'ಯಲ್ಲಿ ಕಿತ್ತಳೆ ಮರಳೆಲ್ಲ ಒಂದು ನಾಟಕ. ಆ ನಾಟಕ ಹೇಗೆ ಹುಟ್ಟಿತು ಅಂತ ತೋರಿಸುವ ಟೀವಿ ಕಾರ್ಯಕ್ರಮ ಕಪ್ಪು ಬಿಳುಪು, ಚೌಕ. ಟೀವಿ ನಿರೂಪಕ ಒಂದು ಸಲ ದಾರಿ ತಪ್ಪಿ ಬಣ್ಣದ ಭಾಗಕ್ಕೆ ಬಂದುಬಿಡುತ್ತಾನೆ, ಪೆಚ್ಚಾಗಿ ವಾಪಸ್ ಹೋಗುತ್ತಾನೆ. ನಾನು ಜೋರಾಗಿ ನಕ್ಕಿದ್ದೆ. ಪಕ್ಕದವರು ತಿರುಗಿ ನೋಡಿದರು.

ವಿಷಯಕ್ಕೆ ಬರ್ತೀನಿ. ಬಣ್ಣದ ಭಾಗದಲ್ಲಿ 'ಆಗಿ' ಅನ್ನೋ ಹೆಸರಿನ ಫೋಟೋಗ್ರಾಫರ್‌ನ ಹೆಂಡತಿ ತೀರಿಕೊಂಡಿದ್ದಾಳೆ. ಅವಳು ನಮಗೆ ಬರೀ ಒಂದು ಫೋಟೋ, ಮತ್ತೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೂದಿ. ಅವನು ಒಂದು ಸೀನ್‌ನಲ್ಲಿ ಕಾರಣವೇ ಇಲ್ಲದೆ ಬಿಸಿ ಕಾವಲಿ ಮೇಲೆ ಕೈ ಇಟ್ಟುಬಿಡುತ್ತಾನೆ. ಆ ಪಾತ್ರ ಮಾಡುವ ನಟನಿಗೂ ಯಾಕೆ ಅಂತ ಗೊತ್ತಿಲ್ಲ. ನಾಟಕದ ಮಧ್ಯದಲ್ಲೇ ರಂಗದಿಂದ ಹೊರಗೆ ನಡೆದು, ನನಗೆ ಈ ನಾಟಕ ಇನ್ನೂ ಅರ್ಥವೇ ಆಗಿಲ್ಲ ಅಂತ ನಿರ್ದೇಶಕನ ಹತ್ತಿರ ಹೇಳಿಕೊಳ್ಳುತ್ತಾನೆ. ಆಮೇಲೆ ಬಾಲ್ಕನಿಗೆ ಬರುತ್ತಾನೆ. ಎದುರು ಬಾಲ್ಕನಿಯಲ್ಲಿ ಒಬ್ಬಳು ನಿಂತಿದ್ದಾಳೆ, ಬೇರೆ ಯಾವುದೋ ನಾಟಕದ ವೇಷದಲ್ಲಿ. ಅವನ ಹೆಂಡತಿ ಪಾತ್ರ ಮಾಡಬೇಕಿದ್ದವಳು. ಅವಳ ಒಂದೇ ಒಂದು ಸೀನ್ ಇತ್ತು, ಅದನ್ನು ಕತ್ತರಿಸಿ ಹಾಕಿದ್ದಾರೆ. ಅವಳು ಆ ಕತ್ತರಿಸಿದ ಸೀನ್‌ನ ಮಾತುಗಳನ್ನು ಅಲ್ಲಿಂದಲೇ ಅವನಿಗೆ ಹೇಳುತ್ತಾಳೆ.

ಅಷ್ಟೇ. ಸತ್ತವಳ ಮಾತು ನಾಟಕದಲ್ಲಿ ಎಲ್ಲೂ ಇಲ್ಲ, ಹೊರಗೆ ಬಂದರೆ ಮಾತ್ರ ಕೇಳಿಸುತ್ತೆ. ಅಷ್ಟು ಹೊತ್ತಿನ ಕಿತ್ತಳೆ ಬಣ್ಣ ಎಲ್ಲ ಅವನ ದುಃಖದ ಮೇಲೆ ಹೊದಿಸಿದ ಬಟ್ಟೆ ಅಂತ ನನಗೆ ಆಗ ಗೊತ್ತಾಯಿತು. ನೀವು ಬಟ್ಟೆ ನೋಡಿ ಮಲಗಿದ್ದೀರಿ. ಬೇಜಾರು ಮಾಡ್ಕೋಬೇಡಿ.

ಮಧ್ಯಂತರ

ಬೇಜಾರು ನಾನು ಮಾಡ್ಕೋತೀನಿ ಬಿಡಿ. "ಎರಡನೇ ಸಲ ನೋಡಿ, ಆಗ ಗೊತ್ತಾಗುತ್ತೆ" ಅನ್ನುವ ಮಾತು ನನಗೆ ಆಗಲ್ಲ. ಹಾಗಾದ್ರೆ ಮೊದಲನೇ ಸಲ ನೋಡಿದ್ದು ಯಾಕೆ, ಟ್ರಯಲ್ಲಾ?

ಒಬ್ಬ ನಿರ್ದೇಶಕರ ಶೈಲಿ ಗುರುತು ಸಿಕ್ಕಿಬಿಟ್ಟರೆ ನಾವು ಸಿನಿಮಾ ನೋಡೋದು ಬಿಟ್ಟು ಸಹಿ ನೋಡ್ತೀವಿ. ಅದೋ ನೋಡು ಸಮಮಿತಿ, ಅದೋ ನೋಡು ತಿಳಿ ಗುಲಾಬಿ ಅಂತ. ನೋಡುವವರ ತಪ್ಪು ಅರ್ಧ, ಮಾಡುವವರ ತಪ್ಪು ಅರ್ಧ.

ಕಲ್ಪನೆ ಬೇಕಾದ್ರೆ 'ಹಂಡ್ರೆಡ್ಸ್ ಆಫ್ ಬೀವರ್ಸ್' (2022) ನೋಡಿ. ಮೈಕ್ ಚೆಸ್ಲಿಕ್ ಅಂತ ನಿರ್ದೇಶಕರು. ಬರೀ 1,50,000 ಡಾಲರ್‌ನಲ್ಲಿ ಮಾಡಿದ ಕಪ್ಪು ಬಿಳುಪು ಸಿನಿಮಾ, ಮಾತು ಇಲ್ಲ ಅಂದ್ರೂ ನಡೆಯುತ್ತೆ. ಹಿಮದಲ್ಲಿ ಒಬ್ಬ ಬೇಟೆಗಾರ, ಸುತ್ತ ಬೀವರ್‌ಗಳು. ಬೀವರ್ ಅಂದ್ರೆ ಹೊಳೆಗೆ ಅಡ್ಡ ಕಟ್ಟೆ ಕಟ್ಟುವ ಪ್ರಾಣಿ. ಇಲ್ಲಿ ಬೀವರ್ ಅಂದ್ರೆ ಏನು ಗೊತ್ತಾ? ಜಾತ್ರೆಯಲ್ಲಿ ಕುಣಿಯೋ ಹಾಗೆ ದಪ್ಪ ಬೊಂಬೆ ವೇಷ ಹಾಕಿದ ಮನುಷ್ಯರು! ಸತ್ತರೆ ಕಣ್ಣಿನ ಜಾಗದಲ್ಲಿ ಇಂಟು ಮಾರ್ಕು. ಮೊದಲ ಹತ್ತು ನಿಮಿಷ "ಇದೇನು ಹುಚ್ಚು" ಅಂತ ಕೂತಿದ್ದೆ. ಅರ್ಧ ಗಂಟೆ ಆದ ಮೇಲೆ ವೇಷ ಮರೆತೇ ಹೋಯ್ತು, ಇವನು ಈ ಬಲೆ ಹೇಗೆ ಹಾಕ್ತಾನೆ ಅಂತ ಕುರ್ಚಿ ತುದಿಗೆ ಬಂದಿದ್ದೆ. ಯಾರೂ ಬಂದು ನನಗೆ ಬಾಲ್ಕನಿ ವಿವರಿಸಬೇಕಾಗಲಿಲ್ಲ.

ಹಳೇರೀಲು

ಬೀವರ್‌ಗೆ ನಾನೂ ಬಿದ್ದು ಬಿದ್ದು ನಕ್ಕಿದ್ದೇನೆ. ಆದ್ರೆ ಅವರು ಕೇಳಿದ್ದು ಏನು ನೋಡಬೇಕು ಅಂತ ಅಲ್ಲ.

ಮೊಣಕಾಲು

ನಾನು ಫಿಸಿಯೋಥೆರಪಿಸ್ಟ್. ಸಿನಿಮಾ ಬಗ್ಗೆ ದೊಡ್ಡದಾಗಿ ಗೊತ್ತಿಲ್ಲ, ನಡಿಗೆ ಬಗ್ಗೆ ಗೊತ್ತು. ಅದಕ್ಕೇ 'ಪೂರ್ ಥಿಂಗ್ಸ್' ಬಗ್ಗೆ ಎರಡು ಮಾತು.

ಆ ಅಗಲದ ಲೆನ್ಸ್ ನನಗೂ ಕಿರಿಕಿರಿ ಆಯಿತು. ಬಾಗಿಲಿನ ಪೀಪ್‌ಹೋಲ್‌ನಿಂದ ನೋಡಿದ ಹಾಗೆ, ಸುತ್ತ ಕಪ್ಪು, ಮಧ್ಯೆ ಕೋಣೆ ಬಾಗಿಕೊಂಡಿರುತ್ತೆ. ಹಾಗಾಗಿ ನಾನು ಗೋಡೆ ನೋಡೋದು ಬಿಟ್ಟು ಎಮ್ಮಾ ಸ್ಟೋನ್ ಅವರ ಕಾಲು ನೋಡಿದೆ. ಬೆಲ್ಲಾ ಅಂದರೆ ದೊಡ್ಡವಳ ಮೈಯಲ್ಲಿ ಕೂಸಿನ ಮೆದುಳು. ಶುರುವಿನಲ್ಲಿ ಮೊಣಕಾಲು ಮಡಚುವುದೇ ಇಲ್ಲ. ಪಾದ ಅಗಲಿಸಿ, ಸೊಂಟದಿಂದ ಕಾಲನ್ನು ಎಸೆದ ಹಾಗೆ ಇಡುತ್ತಾಳೆ. ಆಗಷ್ಟೇ ನಡೆಯಲು ಕಲಿತ ಮಕ್ಕಳು ಬೀಳದೆ ಇರಲು ಹೀಗೇ ಕಾಲು ಅಗಲ ಮಾಡುತ್ತಾರೆ. ಆಮೇಲೆ ಲಿಸ್ಬನ್‌ಗೆ ಹೋಗುತ್ತಾಳೆ, ಸಿನಿಮಾಕ್ಕೆ ಬಣ್ಣ ಬರುತ್ತೆ. ಅಲ್ಲಿಗೆ ಮೊಣಕಾಲು ಸ್ವಲ್ಪ ಸಡಿಲ. ಹಡಗು, ಪ್ಯಾರಿಸ್ ಅಂತ ಮುಂದೆ ಹೋದ ಹಾಗೆ ಒಂದೊಂದೇ ಕೀಲು ಬಿಚ್ಚಿಕೊಳ್ಳುತ್ತೆ. ಕೊನೆಗೆ ಮನೆಗೆ ಬರುವಾಗ ತನಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ಹೆಂಗಸಿನ ನಡಿಗೆ.

ನನ್ನ ಹತ್ತಿರ ಬರುವವರು ತಿಂಗಳುಗಟ್ಟಲೆ ಕಷ್ಟಪಟ್ಟು ಕಲಿಯುವುದು ಇದನ್ನೇ. ನನಗೆ ಗಂಟಲು ಕಟ್ಟಿತು. ಆಕಾಶ, ಸೆಟ್ ಯಾವುದೂ ನನಗೆ ನೆನಪಿಲ್ಲ, ಕ್ಷಮಿಸಿ.

ಬೆಕ್ಕಿನಕಡೆಯವನು

ಯಾರೂ 'ಫ್ಲೋ' (2024) ಬಗ್ಗೆ ಮಾತಾಡ್ತಿಲ್ಲ. ಗಿಂಟ್ಸ್ ಝಿಲ್ಬಲೋಡಿಸ್ ಅನ್ನೋ ಲಾಟ್ವಿಯಾದ ಹುಡುಗ, ಬ್ಲೆಂಡರ್ ಅನ್ನೋ ಪುಕ್ಕಟೆ ಆ್ಯನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡಿ ಆಸ್ಕರ್ ಹೊಡೆದ. ಒಂದು ಮಾತೂ ಇಲ್ಲ. ಬೆಕ್ಕು ಬೆಕ್ಕಿನ ಹಾಗೇ ಕೂಗುತ್ತೆ. ಕ್ಯಾಪಿಬಾರಾದ್ದು (ಇಲಿ ಜಾತಿಯ ದೊಡ್ಡ ಪ್ರಾಣಿ) ಮಾತ್ರ ಮೋಸ. ಅದರ ನಿಜವಾದ ದನಿ ಹೊಂದಲಿಲ್ಲ ಅಂತ ಒಂಟೆ ಮರಿಯ ದನಿ ಹಾಕಿದ್ದಾರೆ. ಗೊತ್ತಾದ ಮೇಲೂ ನನಗೆ ಅದು ಕ್ಯಾಪಿಬಾರಾನೇ.

ಕೊನೆಸಾಲು ಅವರೇ, ನಿಮ್ಮ ಪುಸ್ತಕದಲ್ಲಿ ಬೆಕ್ಕಿಗೆ ಏನು ಬರೆದಿದ್ದೀರಿ?

ಕೊನೆಸಾಲು

ಬೆಕ್ಕಿಗೆ: "ಬದುಕಿತಲ್ಲ, ಸಾಕು." ಸಿನಿಮಾದ ಬಹುಪಾಲು ಪ್ರವಾಹದ ನೀರು ಏರುತ್ತಿದ್ದರೆ ಬೇರೆ ಏನು ಬರೆಯಲಿ?

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬಿಟ್ಟು ಬರೀತಿದ್ದೀನಿ, ಯಾಕಂದ್ರೆ ಮಧ್ಯೆ ಒಂದು ಕೆಲಸ ಮಾಡಿದೆ. 'ಆಸ್ಟರಾಯ್ಡ್ ಸಿಟಿ' ಮತ್ತೆ ನೋಡಿದೆ. (ಮಧ್ಯಂತರ ಅವರು ಬಯ್ಯಬೇಡಿ.)

ಹಳೇರೀಲು ಅವರೇ, ನೀವು ಹೇಳಿದ್ದು ಸರಿ. ನಾನು ಬಾಲ್ಕನಿಯನ್ನೇ ತಪ್ಪಿಸಿಕೊಂಡಿದ್ದೆ. ಕೈ ಸುಟ್ಟುಕೊಳ್ಳುವುದು ನೋಡಿದ್ದೆ, ಆದರೆ ತಮಾಷೆ ಅಂತ ಬಿಟ್ಟಿದ್ದೆ. ಈ ಸಲ ಅಲ್ಲಿ ನಿಲ್ಲಿಸಿದೆ. ಹಿಂದೆ ಹೋಗಿ ಮತ್ತೆ ನೋಡಿದೆ. ಇದು ಮಹಿಟೊನ ಕಲ್ಲೇ ಅಲ್ವಾ? ಒಳಗಿನದ್ದು ಹೇಳಲು ಬಾರದವನು ಮೈಗೆ ಹೇಳಿಸುತ್ತಾನೆ. ಒಬ್ಬರು ರಕ್ತ ಸುರಿಸಿ ತೋರಿಸಿದರು, ಇನ್ನೊಬ್ಬರು ಮುಖದಲ್ಲಿ ಏನೂ ಕಾಣಿಸದ ಹಾಗೆ ತೋರಿಸಿದರು. ರಕ್ತ ಕಂಡಾಗ ಪುಸ್ತಕ ತೆಗೆದೆ, ಇಲ್ಲಿ ಮಲಗಿದೆ. ಅಷ್ಟರಮಟ್ಟಿಗೆ ತಪ್ಪು ನನ್ನದೇ.

ಮಧ್ಯಂತರ ಅವರಿಗೂ ಒಂದು ಮಾತು. ಈ ಸಲವೂ ನಡುವೆ ಹತ್ತು ನಿಮಿಷ ಕಣ್ಣು ಎಳೆಯಿತು, ಸುಳ್ಳು ಹೇಳಲ್ಲ. ವಿಜ್ಞಾನ ಸ್ಪರ್ಧೆಯ ಮಕ್ಕಳು ಪಟಪಟ ಮಾತಾಡುವಲ್ಲಿ. ಬಾಲ್ಕನಿ ಚೆನ್ನಾಗಿದೆ ಅಂತ ಅದೂ ಚೆನ್ನಾಗಿದೆ ಅಂತ ನಾನು ಒಪ್ಪಬೇಕಾಗಿಲ್ಲ.

ಪುಸ್ತಕದಲ್ಲಿ ಹಳೆಯ ಸಾಲು ಹೊಡೆದು ಹಾಕಿಲ್ಲ. ಕೆಳಗೆ ಇನ್ನೊಂದು ಬರೆದೆ: "ಎದುರು ಬಾಲ್ಕನಿಯವಳಿಗೆ ಇನ್ನೂ ಮಾತು ಬಾಯಿಪಾಠ."

ಭಾನುವಾರ 'ಪೂರ್ ಥಿಂಗ್ಸ್'. ಮೊಣಕಾಲು ಮಾತ್ರ ನೋಡೋದು ಅಂತ ತೀರ್ಮಾನ ಮಾಡಿದ್ದೀನಿ. ತಲೆನೋವಿನ ಮಾತ್ರೆ ಪಕ್ಕದಲ್ಲೇ ಇಟ್ಕೋತೀನಿ.