ಒಂದೀಡಿನ ಕೋವಿ, ಸಲ್ಲುವ ಬಿಡಿಭಾಗ: ಈ ಎರಡು ಪದಗಳು ಒಪ್ಪುವವೇ?

ಮಾನ್ಯರೇ,

ಬ್ರಿಟಿಷ್ ಸೈನ್ಯ 1871ರಲ್ಲಿ ಬಳಕೆಗೆ ತಂದ ಮಾರ್ಟಿನಿ-ಹೆನ್ರಿ ರೈಫಲ್ ಮತ್ತು ಅದಕ್ಕೆ ಐದು ವರ್ಷ ಹಿರಿಯದಾದ ಸ್ನೈಡರ್-ಎನ್‌ಫೀಲ್ಡ್ ಇವುಗಳ ಗುರುತು ಹಿಡಿಯುವುದು ಹೇಗೆ, ಕೆಟ್ಟು ಮೂಲೆ ಸೇರಿದ್ದನ್ನು ಸರಿಪಡಿಸುವಾಗ ಎಂಥ ಭಾಗಗಳನ್ನು ಕೂಡಿಸಬೇಕು ಎಂಬುದನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡುತ್ತಿರುವುದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ಸಣ್ಣ ತೊಡಕು. ಈ ಎರಡೂ ರೈಫಲ್‌ಗಳಲ್ಲಿ ಒಂದು ಸಲಕ್ಕೆ ಒಂದೇ ತೋಟೆ ಹಿಡಿಯುತ್ತದೆ. ಹಾರಿಸಿದ ಮೇಲೆ ಖಾಲಿ ತೋಟೆಯನ್ನು ಹೊರಗೆ ತೆಗೆದು ಇನ್ನೊಂದನ್ನು ಕೈಯಿಂದಲೇ ತುಂಬಬೇಕು. ಇಂಗ್ಲಿಷಿನವರು ಇದನ್ನು ಸಿಂಗಲ್ ಶಾಟ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಓಡಾಡುವ ‘ಒಂಟಿನಳಿಗೆ’ ಇದಕ್ಕೆ ಸರಿಹೊಂದುವುದಿಲ್ಲ, ಏಕೆಂದರೆ ಹತ್ತು ತೋಟೆ ಹಿಡಿಯುವ ಲೀ-ಎನ್‌ಫೀಲ್ಡ್‌ಗೂ ಇರುವುದು ಒಂದೇ ನಳಿಗೆ. ‘ಏಕಗುಂಡಿನ’ ಎಂದರೆ ಔಷಧಿಯ ಗುಳಿಗೆಯ ನೆನಪಾಗುತ್ತದೆ. ಮಲೆನಾಡಿನಲ್ಲಿ ‘ಒಂದು ಈಡು ಹೊಡೆದ’, ‘ಎರಡನೇ ಈಡಿಗೆ ಬಿತ್ತು’ ಎಂಬ ಮಾತು ಇನ್ನೂ ಜೀವಂತವಾಗಿರುವಾಗ ‘ಒಂದೀಡಿನ ಕೋವಿ’ ಎನ್ನುವುದೇ ಸಹಜವೆಂದು ನನಗೆ ತೋರುತ್ತದೆ. ಒಮ್ಮೆ ಹಾರಿಸಿ ಬಿಸಾಡುವ ವಸ್ತು ಎಂದು ಓದುಗರು ತಪ್ಪು ತಿಳಿಯಬಹುದು ಎಂಬ ಆಕ್ಷೇಪವನ್ನು ಗೆಳೆಯರೊಬ್ಬರು ಎತ್ತಿದ್ದಾರೆ. ನನಗೆ ಆ ಭಯವಿಲ್ಲ. ‘ಎರಡೆತ್ತಿನ ಗಾಡಿ’ ಎಂದಾಗ ಎತ್ತು ಬದಲಾಗಬಾರದೆಂದು ಯಾರೂ ತಿಳಿಯುವುದಿಲ್ಲವಷ್ಟೆ.

‘ಕುದುರೆ’ಯ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋವಿಯ ಮೇಲೆ ಬಾಗಿ ನಿಂತು ಕೇಪಿಗೆ ಬಡಿಯುವ ಕೊಕ್ಕಿಗೆ ಕನ್ನಡದಲ್ಲಿ ಕುದುರೆ ಎಂಬ ಹೆಸರು ಹಳೆಯದು. ತಮಿಳಿನ ಕುದಿರೈ, ಹಿಂದಿಯ ಘೋಡಾ ಇದೇ ಕಲ್ಪನೆಯವು. ಸ್ನೈಡರ್‌ಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಮುಂದಿನಿಂದ ಮದ್ದು ಗುಂಡು ತುಂಬುತ್ತಿದ್ದ ಎನ್‌ಫೀಲ್ಡ್ ಕೋವಿಯ ಹಿಂತುದಿಯನ್ನು ಕೊರೆದು, ಬಲಕ್ಕೆ ತೆರೆಯುವ ಕೀಲುಬಾಗಿಲೊಂದನ್ನು ಇಟ್ಟರೇ ಹೊರತು ಹಳೆಯ ಕುದುರೆಯನ್ನು ಕೈಬಿಡಲಿಲ್ಲ. ಮಾರ್ಟಿನಿಗೆ ಹೊರಗೆ ಕುದುರೆಯೇ ಇಲ್ಲ. ಕೆಳಗಿನ ಸನ್ನೆಯನ್ನು, ಅಂದರೆ ಲಿವರನ್ನು, ತಗ್ಗಿಸಿದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಬ್ಲಾಕ್ ಮುಂದಕ್ಕೆ ಬಾಗಿ ಇಳಿದು ತೋಟೆಯ ದಾರಿ ತೆರೆಯುತ್ತದೆ, ಬಡಿಯುವ ಮುಳ್ಳು ಆ ಬ್ಲಾಕಿನ ಹೊಟ್ಟೆಯಲ್ಲೇ ಇರುತ್ತದೆ, ಮುಳ್ಳು ಸಜ್ಜಾಗಿದೆಯೇ ಇಲ್ಲವೇ ಎಂಬುದನ್ನು ಬಲಮಗ್ಗುಲಿನ ಕಣ್ಣೀರಹನಿಯಾಕಾರದ ಒಂದು ಪುಟ್ಟ ಸೂಚಕ ವಾಲಿ ತೋರಿಸುತ್ತದೆ. ‘ಕುದುರೆ ಎಳೆದ’ ಎಂದು ಟ್ರಿಗರ್‌ಗೂ ಇದೇ ಪದವನ್ನು ಬಳಸುವ ರೂಢಿ ಇಂಥ ಕಡೆ ಓದುಗರನ್ನು ಪೂರ್ತಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಟ್ರಿಗರ್ ಅನ್ನು ಟ್ರಿಗರ್ ಎಂದೇ ಉಳಿಸಿಕೊಂಡಿದ್ದೇನೆ.

ಇನ್ನು ನನ್ನ ಮುಖ್ಯ ಪ್ರಶ್ನೆ. ಹಳೆಯ ಕೋವಿಗಳನ್ನು ಸರಿಪಡಿಸುವವರು ‘ಕರೆಕ್ಟ್ ಪಾರ್ಟ್’ ಎಂಬ ಮಾತನ್ನು ಬಹಳ ನಿರ್ದಿಷ್ಟವಾಗಿ ಬಳಸುತ್ತಾರೆ. ಅದು ಆ ಕೋವಿಯೊಡನೆಯೇ ಕಾರ್ಖಾನೆಯಿಂದ ಹೊರಬಂದ ಭಾಗವಾಗಿರಬೇಕಿಲ್ಲ, ಆದರೆ ಆ ಕಾಲದ, ಆ ಮಾದರಿಯ ಕೋವಿಗೆ ನ್ಯಾಯವಾಗಿ ಇರತಕ್ಕ ಭಾಗವಾಗಿರಬೇಕು. ಉದಾಹರಣೆಗೆ, 1884–85ರ ಸುಡಾನ್ ದಂಡಯಾತ್ರೆಯಲ್ಲಿ ಬಿಸಿಲು, ಮರಳುಗಳ ನಡುವೆ ಮಾರ್ಟಿನಿಯ ತೆಳು ಹಿತ್ತಾಳೆ ಹಾಳೆಯ ತೋಟೆಗಳು ನಳಿಗೆಯಲ್ಲಿ ಕಚ್ಚಿಕೊಂಡು ಸೈನಿಕರನ್ನು ಗೋಳುಹೊಯ್ದುಕೊಂಡವು. ಮುಂದೆ ಬಂದ ಅದರ ಮಾರ್ಕ್ 4 ಮಾದರಿಗೆ, ತೋಟೆಯನ್ನು ಹೆಚ್ಚು ಬಲದಿಂದ ಕೀಳಲೆಂದು, ಉದ್ದನೆಯ ಸನ್ನೆ ಇಟ್ಟರು. ಈಗ ಯಾರೋ 1877ರ ಮಾರ್ಕ್ 2ಕ್ಕೆ ಆ ಉದ್ದ ಸನ್ನೆಯನ್ನು ಕೂಡಿಸಿದ್ದಾರೆ ಎಂದುಕೊಳ್ಳೋಣ. ಸನ್ನೆ ನೂರಕ್ಕೂ ಹೆಚ್ಚು ವರ್ಷ ಹಳೆಯದು, ಎನ್‌ಫೀಲ್ಡ್‌ನ ಕಾರ್ಖಾನೆಯಲ್ಲಿಯೇ ಆದದ್ದು. ಅದನ್ನು ನಕಲಿ ಎನ್ನಲಾಗದು. ಆದರೂ ಬಲ್ಲವರ ಕಣ್ಣಿಗೆ ಅದು ಅಲ್ಲಿರತಕ್ಕದ್ದಲ್ಲ.

‘ಮೂಲ ಬಿಡಿಭಾಗ’ ಎಂದರೆ ಅದೇ ಕೋವಿಯದು ಎಂಬ ಅರ್ಥ ಬರುತ್ತದೆ. ‘ಅಸಲಿ’ ಎಂದರೆ ಮೇಲಿನ ಸನ್ನೆಯೂ ಅಸಲಿಯೇ. ‘ಸರಿಯಾದ’ ಎಂಬುದು ತೀರ ಸಡಿಲ, ಅಳತೆಗೆ ಕೂತರೂ ಸರಿಯಾದದ್ದೇ ಎನ್ನುತ್ತೇವೆ. ‘ತಕ್ಕ’ ಹತ್ತಿರ ಬರುತ್ತದಾದರೂ ಅದರಲ್ಲಿ ಹೊಂದಿಕೆಯ ಧ್ವನಿಯೇ ಜೋರು. ಹೀಗೆ ತಡಕಾಡುತ್ತಿದ್ದಾಗ ‘ಸಲ್ಲು’ ಎಂಬ ಧಾತು ನೆನಪಾಯಿತು. 2016ರ ನವೆಂಬರಿನಲ್ಲಿ ರದ್ದಾದ ಸಾವಿರ ರೂಪಾಯಿಯ ನೋಟು ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ ‘ಅಸಲಿಯೇ, ಆದರೆ ಸಲ್ಲುವುದಿಲ್ಲ’ ಎನ್ನುತ್ತೇವಲ್ಲ, ನನಗೆ ಬೇಕಾದ ಭೇದ ಆ ಮಾತಿನಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ‘ಸಲ್ಲುವ ಬಿಡಿಭಾಗ’, ‘ಸಲ್ಲದ ಬಿಡಿಭಾಗ’ ಎಂದು ಬರೆಯುತ್ತಿದ್ದೇನೆ. ‘ಮಾರ್ಕ್ 2ಕ್ಕೆ ಈ ಸನ್ನೆ ಸಲ್ಲದು’ ಎಂಬ ವಾಕ್ಯದಲ್ಲಿ ಚತುರ್ಥಿ ವಿಭಕ್ತಿಯೂ ತಾನಾಗಿ ಬಂದು ಕೂರುತ್ತದೆ. ಸಲ್ಲದು ಎಂದೊಡನೆ ನೈತಿಕ ನಿಷೇಧದ ಧ್ವನಿ ಹೊಮ್ಮುತ್ತದೆಂದು ಕೆಲವರು ಹೇಳಬಹುದು. ಸಂಗ್ರಾಹಕರು ಸಲ್ಲದ ತಿರುಪೊಂದನ್ನು ಕಂಡಾಗ ಮಾಡುವ ಮುಖವನ್ನು ನೋಡಿದವನಾಗಿ, ಆ ಧ್ವನಿ ಇದ್ದರೂ ಇರಲಿ ಎನ್ನುತ್ತೇನೆ.

ಇದರ ಜೊತೆಗೇ ‘ನಕಲು’, ‘ನಕಲಿ’ಗಳನ್ನು ಬೇರೆಬೇರೆಯಾಗಿ ಬಳಸಬೇಕಾಗಿ ಬಂದಿದೆ. ಖೈಬರ್ ಕಣಿವೆಯ ಆಸುಪಾಸಿನ ಕುಶಲಕರ್ಮಿಗಳು ಮಾರ್ಟಿನಿಯನ್ನು ಕೈಯಲ್ಲೇ ಅರೆದು, ತಿದ್ದಿ ತಯಾರಿಸಿದರು. ಬಲಮಗ್ಗುಲಲ್ಲಿ ಕಿರೀಟ, ಅದರಡಿ ರಾಣಿ ವಿಕ್ಟೋರಿಯಾಳ ‘ವಿ.ಆರ್.’ ಅಕ್ಷರಗಳು, ಎನ್‌ಫೀಲ್ಡ್ ಎಂಬ ಹೆಸರು, ಇಸವಿ ಎಲ್ಲವೂ ಇರುತ್ತವೆ. ಆದರೆ ಇಂಗ್ಲಿಷಿನ ‘ಎನ್’ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುವುದುಂಟು, ರಾಣಿ 1901ರ ಜನವರಿಯಲ್ಲಿ ತೀರಿಕೊಂಡಿದ್ದರೂ ಅವಳ ಮುದ್ರೆಯ ಕೆಳಗೆ ಅದಕ್ಕೂ ಈಚಿನ ಇಸವಿ ಕೊರೆದಿರುವುದುಂಟು. ಕೋವಿಯನ್ನು ಹಾರಿಸಲೆಂದೇ ಮಾಡಿದ್ದು, ಆದ್ದರಿಂದ ಅದು ನಕಲು. ಮುದ್ರೆ ಮಾತ್ರ ನಕಲಿ. ನೇಪಾಳದ ಉಗ್ರಾಣದಿಂದ 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದ ಮಾರ್ಟಿನಿಗಳ ಮೇಲಿನ ದೇವನಾಗರಿ ಗುರುತುಗಳನ್ನು ಈ ಗುಂಪಿಗೆ ಸೇರಿಸಬಾರದು. ಅವು ಆ ಸೈನ್ಯದ ಲೆಕ್ಕದ ಗುರುತುಗಳು, ಅಲ್ಲಿಗೆ ಸಲ್ಲುವಂಥವೇ.

‘ಜೀರ್ಣೋದ್ಧಾರ’ವನ್ನು ಬೇಕೆಂದೇ ಬಿಟ್ಟಿದ್ದೇನೆ. ನಮ್ಮೂರುಗಳ ಗುಡಿಗಳಿಗೆ ಆ ಹೆಸರಿನಲ್ಲಿ ಆಗಿರುವ ಸಿಮೆಂಟು, ಬಣ್ಣದ ಸೇವೆಯನ್ನು ಕಂಡವರು, ಕೋವಿಯ ಮರದ ಹಿಡಿಯನ್ನು ಮರಳುಕಾಗದದಿಂದ ಉಜ್ಜಿ ಸೈನ್ಯದ ಮುದ್ರೆಯನ್ನೇ ಅಳಿಸಿಬಿಡುವ ಕೆಲಸಕ್ಕೆ ಆ ಪದವನ್ನು ಇಟ್ಟುಕೊಳ್ಳಬಹುದು. ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ, ಸಲ್ಲದ್ದನ್ನು ತೆಗೆದು ಸಲ್ಲುವುದನ್ನು ಕೂಡಿಸುವ ಕೆಲಸಕ್ಕೆ ‘ಸರಿಪಡಿಸುವುದು’ ಎಂದರೆ ಸಾಕೆನಿಸಿದೆ.

ಕೊನೆಯದಾಗಿ, ಕೊಡಗಿನವರಲ್ಲಿ ಒಂದು ವಿಶೇಷ ವಿನಂತಿ. ಕೊಡವ ತಕ್ಕಿನಲ್ಲಿ ಕೋವಿಯನ್ನು ‘ತೋಕ್’ ಎನ್ನುವುದನ್ನೂ, ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುವುದನ್ನೂ ಬಲ್ಲೆ. ಅಲ್ಲಿಯ ಕೋವಿ ರಿಪೇರಿಯವರು ಹಳೆಯ ಕೋವಿಗೆ ಬೇರೊಂದರ ಭಾಗ ಹಾಕಿರುವುದನ್ನು ಕಂಡರೆ ಅದನ್ನು ಏನೆಂದು ಕರೆಯುತ್ತಾರೆ? ಬಾಯಿಮಾತಿನಲ್ಲಿ ಒಳ್ಳೆಯ ಪದವೊಂದು ಇದ್ದರೆ ನನ್ನ ‘ಸಲ್ಲದ’ವನ್ನು ಹಿಂತೆಗೆದುಕೊಳ್ಳಲು ಸಿದ್ಧನಿದ್ದೇನೆ.