ಜುಲೈಯಲ್ಲಿ ಕುದುರೆಮುಖ, ಆಗಸ್ಟ್‌ನಲ್ಲಿ ವ್ಯಾಲಿ ಆಫ್ ಫ್ಲವರ್ಸ್: ಎರಡಕ್ಕೂ ಒಂದೇ ಮಳೆ ಜಾಕೆಟ್ ಸಾಕಾ?

ಮಳೆಹುಚ್ಚ_ಬೆಂಗ್ಳೂರು

ಎಲ್ಲರಿಗೂ ನಮಸ್ಕಾರ. ಜುಲೈ ಎರಡನೇ ವಾರಕ್ಕೆ ಕುದುರೆಮುಖದ ಪರ್ಮಿಟ್ ಸಿಕ್ಕಿದೆ. ಆಗಸ್ಟ್ ಕೊನೆಗೆ ಆಫೀಸಿನವರ ಜೊತೆ ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್. ಈಗ ನನ್ನ ಹತ್ತಿರ ಇರೋದು ಸ್ಕೂಟರ್‌ಗೆ ಹಾಕೋ ರಬ್ಬರ್ ವಾಸನೆಯ ರೇನ್‌ಕೋಟ್ ಒಂದೇ.

ನೀರು ತಡೆಯೋ ಶಕ್ತಿ ಅಂತ ಚೀಟಿಯಲ್ಲಿ ಮಿ.ಮೀ. ಲೆಕ್ಕ ಬರೆದಿರ್ತಾರಲ್ಲ, ಒಬ್ಬ ಫ್ರೆಂಡ್ "ಅದು 20,000 ಇಲ್ಲದಿದ್ರೆ ತಗೊಳ್ಳಲೇಬೇಡ" ಅಂತಾನೆ. ಅಂಗಡಿ ಹುಡುಗ "5,000 ಸಾಕು ಸಾರ್, ಮಲೆನಾಡಿಗೆ ಇದೇ ಹೋಗೋದು" ಅಂತಾನೆ. ಎರಡೂವರೆ ಪದರದ್ದು (ಒಳಮೈಗೆ ಬಟ್ಟೆ ಇಲ್ಲ, ತೆಳು ಲೇಪನ ಮಾತ್ರ) ಐದು ಸಾವಿರದ ಆಸುಪಾಸಿಗಿದೆ, ಮೂರು ಪದರದ್ದು (ಒಳಮೈಗೂ ಬಟ್ಟೆ ಇರೋದು) ಹದಿನಾಲ್ಕು ಸಾವಿರ. ನನ್ನ ಬಜೆಟ್ ಆರು, ಕಾರಣ ಸರಿ ಅನ್ನಿಸಿದ್ರೆ ಎಂಟರವರೆಗೆ ಎಳೀಬಹುದು. ನನಗೆ ಬೆವರು ಜಾಸ್ತಿ, ಬೆನ್ನಿಗೆ ಎಂಟು ಒಂಬತ್ತು ಕೆಜಿ ಬ್ಯಾಗ್ ಇರತ್ತೆ. ಆಮೇಲೆ ಅದೇ ಜಾಕೆಟ್ ಸ್ಕೂಟರ್‌ಗೂ ಆದ್ರೆ ಇನ್ನೂ ಒಳ್ಳೇದು. ದಯವಿಟ್ಟು ಲಿಂಕ್ ಕಳಿಸಬೇಡಿ, ಏನು ನೋಡಿ ತಗೋಬೇಕು ಅಂತ ಹೇಳಿ.

ಕಳಸದ_ಕಡೆಯವ

ಕಾಸು ಖರ್ಚು ಮಾಡೋ ಮೊದ್ಲು ಒಂದು ಕೇಳಿ ಮಾರಾಯ್ರೆ. ಜುಲೈಯಲ್ಲಿ ಕುದುರೆಮುಖ ಹತ್ತಿದವರು ಒಣಗಿದ ಬನಿಯನ್ನಲ್ಲಿ ಇಳಿದು ಬಂದದ್ದನ್ನು ನಾನಂತೂ ನೋಡಿಲ್ಲ. ಐದು ಸಾವಿರದ ಜಾಕೆಟ್ಟಿನವರೂ ಒದ್ದೆ, ಇಪ್ಪತ್ತು ಸಾವಿರದವರೂ ಒದ್ದೆ. ಮಳೆಯನ್ನು ಜಾಕೆಟ್ ತಡೀತದೆ, ಸರಿ. ಮುಳ್ಳೋಡಿಯಿಂದ ಹೊರಟು ಒಂಟಿಮರ ದಾಟಿ ಏರು ಶುರುವಾದ ಮೇಲೆ ನಿಮ್ಮ ಮೈಯಿಂದಲೇ ಗಂಟೆಗೆ ಒಂದು ಲೀಟರ್ ಬೆವರು ಇಳಿದ್ರೂ ಇಳೀತು. ಅದು ಎಲ್ಲಿಗೆ ಹೋಗ್ಬೇಕು?

ಚೀಟಿಯಲ್ಲಿ "ಉಸಿರಾಡುವ ಬಟ್ಟೆ, 10,000 ಗ್ರಾಂ" ಅಂತ ಇರ್ತದಲ್ಲ, ಅದು ಒಂದು ಚದರ ಮೀಟರ್ ಬಟ್ಟೆಯಲ್ಲಿ 24 ಗಂಟೆಗೆ ದಾಟುವ ಆವಿಯ ಲೆಕ್ಕ. ಗಂಟೆಗೆ ಭಾಗಿಸಿದ್ರೆ 400 ಗ್ರಾಂ ಚಿಲ್ಲರೆ. ಅದೂ ಪ್ರಯೋಗಾಲಯದಲ್ಲಿ. ನಮ್ಮಲ್ಲಿ ಹೊರಗಿನ ಗಾಳಿಯೇ ನೀರು ಕುಡಿದು ಕೂತಿರ್ತದೆ, ಬಟ್ಟೆಯ ಹೊರಮೈ ಮೇಲೆ ನೀರು ಹಾಸಿರ್ತದೆ, ಮೇಲಿಂದ ಬ್ಯಾಗು ಬೆನ್ನನ್ನು ಮುಚ್ಚಿರ್ತದೆ. ಹಾಗಾಗಿ ಆ ಗ್ರಾಂ ನಂಬಿ ಹಣ ಸುರೀಬೇಡಿ. ಕಂಕುಳ ಅಡಿಯಲ್ಲಿ ಉದ್ದದ ಜಿಪ್ ಇದೆಯಾ ನೋಡಿ. ಅದು ಇಲ್ಲದ ಜಾಕೆಟ್ಟನ್ನು ಮಳೆಗಾಲದ ಘಟ್ಟಕ್ಕೆ ನಾನು ಶಿಫಾರಸು ಮಾಡೋದಿಲ್ಲ, ಎಷ್ಟೇ ದೊಡ್ಡ ಹೆಸರಿನದ್ದಾಗ್ಲಿ. ಏರುವಾಗ ಎರಡೂ ಕಡೆ ಪೂರ್ತಿ ತೆರೆದಿಡಿ. ಎದೆಯ ಜಿಪ್ಪನ್ನೂ ಅರ್ಧ ಇಳಿಸಿ. ಸ್ವಲ್ಪ ಮಳೆ ಒಳಗೆ ಬರ್ತದೆ, ಬರಲಿ.

ನಮ್ಮ ಹಿಂದಿನವರು ಮಳೆಗೆ ಹೊದೆಯುತ್ತಿದ್ದ ಗೊರಬು, ಕಂಬಳಿಕೊಪ್ಪೆ ಎರಡೂ ಮುಂದೆ ತೆರೆದೇ ಇರ್ತಿದ್ದವು. ಬಗ್ಗಿ ನೆಟ್ಟಿ ಮಾಡುವಾಗ ಮಳೆ ಬೆನ್ನಿಗೆ ತಾನೆ ಬೀಳೋದು, ಅಷ್ಟು ಮುಚ್ಚಿದ್ರೆ ಸಾಕಿತ್ತು. ಗಾಳಿ ಎದೆಯ ಕಡೆಯಿಂದ ಆಡ್ತಿತ್ತು. ಈಗ ನಮ್ಮ ತೋಟದಲ್ಲಿ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನೇ ಕೊಪ್ಪೆ ಮಾಡಿ ಹಾಕ್ಕೊಳ್ತಾರೆ, ಅದರಲ್ಲೂ ಮುಂಭಾಗ ಖಾಲಿ.

ಇನ್ನು ಮಿಲಿಮೀಟರ್ ವಿಚಾರ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬ್ತಾ ಹೋಗೋದು, ಎಷ್ಟು ಎತ್ತರಕ್ಕೆ ಬಂದಾಗ ಅಡಿಯಲ್ಲಿ ಜಿನುಗ್ತದೋ ಅದೇ ಆ ಸಂಖ್ಯೆ. ಆಗುಂಬೆಯ ವರ್ಷದ ಸರಾಸರಿ ಮಳೆ 7,600 ಮಿ.ಮೀ. ಆಸುಪಾಸು. ಆ ಇಡೀ ವರ್ಷದ ನೀರನ್ನು ಒಂದೇ ಕಂಬವಾಗಿ ನಿಮ್ಮ ತೋಳಿನ ಮೇಲೆ ನಿಲ್ಲಿಸಿದ್ರೂ 10,000ದ ಬಟ್ಟೆ ಲೆಕ್ಕದ ಪ್ರಕಾರ ತಡೀಬೇಕು. ಬೀಳುವ ಮಳೆಗೆ 5,000ವೇ ಧಾರಾಳ. ಒತ್ತಡ ಬೀಳೋದು ಬ್ಯಾಗಿನ ಪಟ್ಟಿ ಕೂತ ಹೆಗಲಿನ ಮೇಲೆ, ಒದ್ದೆ ಬಂಡೆ ಮೇಲೆ ಕೂತಾಗ ಅಂಡಿನ ಕೆಳಗೆ. ನೀವು ಭಾರ ಹೊರ್ತೀರಿ ಅಂದ್ರಿ, 10,000 ತಗೊಳ್ಳಿ. 20,000 ಬೇಕಿಲ್ಲ.

ತಲೆಟೋಪಿಗೆ ಹಿಂದೆ ಬಿಗಿಮಾಡೋ ದಾರ ಬೇಕು, ಹಣೆಯ ಹತ್ತಿರ ಸ್ವಲ್ಪ ಗಟ್ಟಿ ಅಂಚೂ ಬೇಕು. ಮೇಲಿನ ಬೋಳುಗುಡ್ಡದಲ್ಲಿ ಮಳೆ ಅಡ್ಡಕ್ಕೆ ಹೊಡೀತದೆ. ಕತ್ತು ತಿರುಗಿಸಿದಾಗ ಟೋಪಿಯೂ ತಿರುಗ್ಬೇಕು, ಇಲ್ಲದಿದ್ರೆ ನೀವು ಟೋಪಿಯ ಒಳಮೈ ನೋಡ್ತಾ ನಡೀಬೇಕಾಗ್ತದೆ. ಕೊಡೆ ಕಾಡಿನೊಳಗೆ ಚೆನ್ನ, ಗುಡ್ಡ ಏರಿದ ಮೇಲೆ ನಿಮಿಷದಲ್ಲಿ ತಿರುವು ಮುರುವು. ಪಾಂಚೋ ಬ್ಯಾಗನ್ನೂ ಮುಚ್ತದೆ ನಿಜ, ಆದ್ರೆ ಇಳಿಜಾರಿನಲ್ಲಿ ಗಾಳಿಗೆ ಎದ್ದು ಕಾಲಿಡೋ ಜಾಗವೇ ಕಾಣದ ಹಾಗೆ ಮಾಡ್ತದೆ. ನನಗೆ ಅದು ಸುತರಾಂ ಇಷ್ಟ ಇಲ್ಲ.

ಶೆಫೀಲ್ಡ್_ತೀರ್ಥಹಳ್ಳಿ

ಕಳಸದವರ ಮಾತು ಘಟ್ಟಕ್ಕೆ ನೂರಕ್ಕೆ ನೂರು ಸರಿ. ಉತ್ತರಾಖಂಡಕ್ಕೆ ಅದನ್ನೇ ಅನ್ವಯಿಸಬೇಡಿ ಅಂತ ನನ್ನ ತಕರಾರು.

ನಾನು ಇಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ವಾರಾಂತ್ಯ ನಡೆಯುವವನು, ಊರು ತೀರ್ಥಹಳ್ಳಿ, ಎರಡೂ ಕಡೆ ನೆನೆದವನು. ಒಂದೇ ಮೂರು ಪದರದ ಜಾಕೆಟ್ ಇಲ್ಲಿ ನವೆಂಬರ್ ಮಳೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಊರಿಗೆ ಬಂದು ಜೂನ್‌ನಲ್ಲಿ ಕೊಡಚಾದ್ರಿ ಹತ್ತಿದರೆ ಅದೇ ಜಾಕೆಟ್ ಒಳಗೆ ಸ್ನಾನದ ಮನೆ. ಕಾರಣ ಸರಳ. ಪದರದ ಮೂಲಕ ಆವಿಯನ್ನು ಹೊರಗೆ ತಳ್ಳೋದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡದ ಅಂತರ. ಜಾಕೆಟ್ ಒಳಗೆ 30 ಡಿಗ್ರಿಯ ತೇವದ ಗಾಳಿ ಅಂತಿಟ್ಟುಕೊಳ್ಳಿ, ಅಲ್ಲಿ ಆವಿಯ ಒತ್ತಡ ಸುಮಾರು 42 ಮಿಲಿಬಾರ್. ಹೊರಗೆ 5 ಡಿಗ್ರಿಯ ಮಳೆ ಇದ್ದರೆ ಅಲ್ಲಿ 9 ಮಾತ್ರ, ಅಂತರ 33. ಹೊರಗೆ 22 ಡಿಗ್ರಿಯ ಮಂಜು ಕವಿದಿದ್ದರೆ 26, ಅಂತರ 16ಕ್ಕೆ ಇಳಿಯಿತು. ತಳ್ಳುವ ಬಲವೇ ಅರ್ಧ. ಬಾಬ್ ಗೋರ್ 1969ರಲ್ಲಿ ಹಿಗ್ಗಿಸಿದ ಟೆಫ್ಲಾನ್ ಪದರವಾಗಲಿ, ಈಗ ಅದರ ಜಾಗಕ್ಕೆ ಬರುತ್ತಿರುವ ಪಾಲಿಎಥಿಲೀನ್ ಪದರವಾಗಲಿ, ಈ ಲೆಕ್ಕ ಯಾವುದನ್ನೂ ಬಿಡೋದಿಲ್ಲ.

ಆದರೆ ವ್ಯಾಲಿ ಆಫ್ ಫ್ಲವರ್ಸ್‌ಗೆ ಹೋಗುವವರು ತಂಗುವ ಊರು ಘಾಂಗರಿಯಾ ಇರೋದೇ ಸುಮಾರು 3,000 ಮೀಟರ್ ಎತ್ತರದಲ್ಲಿ, ಅಲ್ಲಿಂದ ಮೇಲಿನ ಹೇಮಕುಂಡ ಸರೋವರಕ್ಕೂ ಹೋದರೆ 4,000 ದಾಟುತ್ತೀರಿ. ಆಗಸ್ಟ್‌ನಲ್ಲಿ ಅಲ್ಲಿ ದಿನವಿಡೀ ಜಡಿಮಳೆ ಹಿಡಿಯಬಹುದು, ಜೊತೆಗೆ ಚಳಿ. ಕುದುರೆಮುಖದಲ್ಲಿ ಒದ್ದೆಯಾದರೆ ಕಿರಿಕಿರಿ. ಅಲ್ಲಿ ಒದ್ದೆ ಮೈಗೆ ಗಾಳಿ ಬಡಿದು, ನೀವು ನಡಿಗೆ ನಿಲ್ಲಿಸಿ ಕೂತಿರೋ ಅಂದರೆ ಮೈ ಬಿಸಿ ಇಳಿದು ಅಪಾಯ. ಹಾಗಾಗಿ ಜಾಕೆಟ್ ಆರಿಸುವಾಗ ಆಗಸ್ಟ್‌ನ ಟ್ರಿಪ್ಪನ್ನು ಮನಸ್ಸಲ್ಲಿಟ್ಟು ಆರಿಸಿ, ಜುಲೈಗೆ ಕಂಕುಳ ಜಿಪ್ ತೆರೆದು ಅದನ್ನೇ ಹಾಕಿ. ಒಳಗೆ ತೆಳು ಫ್ಲೀಸ್ ಹಾಕಿ ಕೈ ಎತ್ತಿ ನೋಡುವಷ್ಟು ಸಡಿಲ ಇರಲಿ. ಒಳಗೆ ಹತ್ತಿ ಬಟ್ಟೆ ಬೇಡ, ಪಾಲಿಯೆಸ್ಟರ್ ಅಥವಾ ಉಣ್ಣೆ.

ಇನ್ನೊಂದು. ಹೊಸದರಲ್ಲಿ ನೀರು ಮಣಿಮಣಿಯಾಗಿ ಜಾರುತ್ತಲ್ಲ, ಅದು ಮೇಲ್ಮೈಗೆ ಬಳಿದ ಲೇಪನ. ಪರಿಸರದ ಕಾರಣಕ್ಕೆ ಹಳೆಯ ಫ್ಲೋರಿನ್ ಲೇಪನ ಕೈಬಿಡುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಬಟ್ಟೆಗಳಿಗೆ ಅದರ ನಿಷೇಧವೇ ಇದೆ, ಜಡಿಮಳೆಯ ಉಡುಪಿಗೆ ಮಾತ್ರ ಇನ್ನೂ ಸ್ವಲ್ಪ ಗಡುವು. ಹೊಸ ಲೇಪನಗಳು ಬೆವರು, ಎಣ್ಣೆ ಜಿಡ್ಡಿಗೆ ಬೇಗ ಸೋಲುತ್ತವೆ. ಬಟ್ಟೆ ನೀರು ಹೀರಿ ಕಪ್ಪಾಗುತ್ತಿದೆ ಅಂದರೆ ಜಾಕೆಟ್ ತೂತಾಗಿದೆ ಅಂತ ಅಲ್ಲ. ದ್ರವ ಸೋಪಿನಲ್ಲಿ ತೊಳೆದು, ಎರಡು ಸಲ ಜಾಲಿಸಿ, ಒಣಗಿದ ಮೇಲೆ ಚೀಟಿಯಲ್ಲಿ ಇಸ್ತ್ರಿ ಬೇಡ ಅಂತ ಇಲ್ಲದಿದ್ದರೆ ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಲೇಪನ ಮತ್ತೆ ಏಳುತ್ತೆ. ಕಂಫರ್ಟ್ ಥರದ ಮೃದುಕಾರಕ ಮಾತ್ರ ಹತ್ತಿರಕ್ಕೂ ಬೇಡ.

ಘಾಟ್_ಸವಾರ_ಬೆಳಗಾವಿ

ಅಣ್ಣಾ, ಸ್ಕೂಟರ್‌ಗೆ ಅದನ್ನ ಹಾಕ್ಕೊಂಡು ಹೋಗಬ್ಯಾಡ್ರಿ. ಟ್ರೆಕ್ಕಿಂಗ್ ಜಾಕೆಟ್ ಸೊಂಟಕ್ಕ ಮುಗೀತದ. ಗಾಡಿ ಮ್ಯಾಲೆ ಕುಂತ್ರ ಎದಿಯಿಂದ ಹರದ ನೀರೆಲ್ಲ ಸೀದಾ ತೊಡಿ ಸಂದಿಗೆ ಬಂದು ಕೆರಿ ಕಟ್ಟತೈತಿ. ಅಂಬೋಲಿ ಘಾಟಿಗೆ ಮಳ್ಯಾಗ ಹೋಗೋ ನಮ್ಮ ಹುಡುಗ್ರೆಲ್ಲಾ ದಪ್ಪನ ರೇನ್‌ಕೋಟು, ಪ್ಯಾಂಟು ಎರಡೂ ಹಾಕ್ತಾರ. ಗಾಡಿ ಮ್ಯಾಲೆ ಬೆವರು ಬರೂದಿಲ್ಲ, ಉಸರಾಡೋ ಬಟ್ಟಿ ತಗೊಂಡು ಏನ್ ಮಾಡ್ತೀರಿ? ನಿಮ್ಮ ರಬ್ಬರ್ ವಾಸನಿ ಕೋಟು ಆಫೀಸಿಗೆ ಭೇಷ್ ಐತಿ, ಒಗೀಬ್ಯಾಡ್ರಿ.

ಸೂಜಿದಾರ_ಮೈಸೂರು

ನಾನು ಬ್ಯಾಗು, ಟೆಂಟು, ಜಾಕೆಟ್ ರಿಪೇರಿ ಮಾಡುವವಳು. ಸಂಖ್ಯೆಗಳ ಬಗ್ಗೆ ಮೇಲಿನವರು ಹೇಳಿದ್ದಾರೆ. ನನ್ನ ಟೇಬಲ್ ಮೇಲೆ ಬರುವ ಜಾಕೆಟ್‌ಗಳಲ್ಲಿ ಬಟ್ಟೆಯೇ ಸೋರಿದ್ದು ಅಪರೂಪ. ಸೋರೋದು ಹೊಲಿಗೆ, ಜಿಪ್ಪು.

ಅಂಗಡಿಯಲ್ಲಿ ಜಾಕೆಟ್ಟನ್ನ ಮೊದಲು ಒಳಗೆ ಹೊರಗು ಮಾಡಿ. ಪ್ರತಿ ಹೊಲಿಗೆ ಮೇಲೂ ತೆಳುವಾದ ಟೇಪ್ ಅಂಟಿಸಿರಬೇಕು. ಸೂಜಿ ಹೋದ ಕಡೆಯೆಲ್ಲ ತೂತು ತಾನೆ? ಕೆಲವರು ಹೆಗಲು, ಟೋಪಿಗೆ ಮಾತ್ರ ಟೇಪ್ ಹಾಕಿ ಪಕ್ಕದ ಹೊಲಿಗೆ ಹಾಗೇ ಬಿಟ್ಟಿರ್ತಾರೆ. ಕಂಕುಳಲ್ಲಿ ನಾಲ್ಕು ಹೊಲಿಗೆ ಸೇರೋ ಜಾಗ ಇದೆಯಲ್ಲ, ಅಲ್ಲಿ ಉಗುರಿಂದ ಮೆಲ್ಲಗೆ ಕೆರೆದು ನೋಡಿ. ಹೊಸದರಲ್ಲೇ ಅಂಚು ಏಳ್ತಿದ್ರೆ ಬೇಡವೇ ಬೇಡ. ಜೇಬು ಸೊಂಟದ ಬೆಲ್ಟಿಗಿಂತ ಮೇಲಿರಲಿ, ಇಲ್ಲದಿದ್ರೆ ಬ್ಯಾಗ್ ಹಾಕಿದ ಮೇಲೆ ಜೇಬು ಇದ್ದೂ ಇಲ್ಲದ ಹಾಗೆ. ಮುಂದಿನ ಜಿಪ್ಪಿನ ಹಿಂದೆ ಒಂದು ಪಟ್ಟಿ ಇರಬೇಕು. ಹೊಳೆಯೋ ಲೇಪನದ ಜಿಪ್ಪು ನೋಡೋಕೆ ಚೆಂದ, ಮಡಚಿ ಮಡಚಿ ಲೇಪನ ಬಿರುಕು ಬಿಟ್ಟ ಮೇಲೆ ನೀರು ಬಿಡತ್ತೆ. ಮುಂಗೈಗೆ ವೆಲ್ಕ್ರೋ ಬಿಗಿ ಬೇಕು, ಕೋಲು ಹಿಡಿದು ಕೈ ಎತ್ತಿದಾಗ ನೀರು ಮೊಣಕೈವರೆಗೆ ಹರಿಯೋದು ಅಲ್ಲಿಂದಲೇ.

ತಂದ ದಿನವೇ, ವಾಪಸ್ ಮಾಡೋ ಅವಧಿ ಮುಗಿಯೋ ಮೊದಲು, ಒಳಗೆ ತಿಳಿ ಬೂದು ಬಣ್ಣದ ಹತ್ತಿ ಟೀಶರ್ಟ್ ಹಾಕಿ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಚೀಟಿ ಕೀಳಬೇಡಿ, ಪ್ಲಾಸ್ಟಿಕ್ ಸುತ್ತಿ. ಬೂದು ಬಣ್ಣದಲ್ಲಿ ಒದ್ದೆ ಕಲೆ ಎದ್ದು ಕಾಣತ್ತೆ, ಎಲ್ಲಿಂದ ಸೋರಿದೆ ಅಂತ ಗೊತ್ತಾಗತ್ತೆ. ಅಂಗಡಿಯವರಿಗೆ ಕೊಡುವಾಗ ಒಣಗಿಸಿ ಕೊಡಿ, ಪಾಪ.

ಇಡೋ ಕ್ರಮ ಇನ್ನೂ ಮುಖ್ಯ. ಕಡಿಮೆ ಬೆಲೆಯ ಜಾಕೆಟ್‌ಗಳ ಒಳಗೆ ಸಾಮಾನ್ಯವಾಗಿ ಪಾಲಿಯುರೆಥೇನ್ ಲೇಪನ ಇರತ್ತೆ. ಸೆಕೆ, ತೇವ ಎರಡೂ ಸೇರಿದ್ರೆ ಅದು ತಾನಾಗೇ ಕೊಳೆಯತ್ತೆ: ಮೊದಲು ಅಂಟಂಟು, ಕೆಟ್ಟ ವಾಸನೆ, ಆಮೇಲೆ ಹೊಟ್ಟಿನ ಹಾಗೆ ಉದುರತ್ತೆ. ಕರಾವಳಿ, ಮಲೆನಾಡಿನ ಮನೆಗಳಿಂದ ಬರೋ ಜಾಕೆಟ್‌ಗಳ ಕಥೆ ಬಹುಪಾಲು ಇದೇ. ಒಂದು ಸಲ ಉದುರಲು ಶುರುವಾದ್ರೆ ನಾನೂ ಏನೂ ಮಾಡೋಕಾಗಲ್ಲ, ಯಾರೂ ಮಾಡೋಕಾಗಲ್ಲ. ಟ್ರೆಕ್ಕಿಂದ ಬಂದು ಒದ್ದೆ ಜಾಕೆಟ್ಟನ್ನ ಆ ಪುಟ್ಟ ಚೀಲದಲ್ಲಿ ತುರುಕಿ ಮುಂದಿನ ವರ್ಷ ತೆಗೆಯಬೇಡಿ. ನೆರಳಲ್ಲಿ ಒಣಗಿಸಿ ಹ್ಯಾಂಗರ್‌ಗೆ ನೇತುಹಾಕಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೂ ಬೇಡ.

ಮಳೆಹುಚ್ಚ_ಬೆಂಗ್ಳೂರು

ಅಬ್ಬಾ, ಇಷ್ಟು ವಿವರ ಅಂಗಡಿಯಲ್ಲಿ ಯಾರೂ ಹೇಳಿರ್ಲಿಲ್ಲ. ಇವತ್ತು ಹೋಗಿ ಎರಡು ನೋಡ್ದೆ. ಒಂದು ಮೂರು ಪದರ, 20,000, ಆಫರ್‌ನಲ್ಲಿ ಎಂಟು ಸಾವಿರದ ಒಳಗೇ ಬರ್ತಿದೆ, ಆದ್ರೆ ಕಂಕುಳ ಜಿಪ್ ಇಲ್ಲ. ಇನ್ನೊಂದು ಎರಡೂವರೆ ಪದರ, 10,000, ಕಂಕುಳ ಜಿಪ್ ಇದೆ, ಹೊಲಿಗೆಗೆಲ್ಲ ಟೇಪ್ ಇದೆ, ಐದೂವರೆ. ಸೂಜಿದಾರ ಅವರು ಹೇಳಿದ ಹಾಗೆ ಒಳಗೆ ಹೊರಗು ಮಾಡಿ ಉಗುರಲ್ಲಿ ಕೆರೆದೆ, ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡ್ದ. ಎರಡನೇದರ ಬಣ್ಣ ಉಗ್ರ ಕಿತ್ತಳೆ, ಅದೊಂದೇ ಬೇಜಾರು. ಯಾವುದು?

ಶೆಫೀಲ್ಡ್_ತೀರ್ಥಹಳ್ಳಿ

ಚಳಿಗೆ ಮೊದಲನೆಯದು, ಅನುಮಾನವಿಲ್ಲ. ಹಿಮಾಲಯಕ್ಕೆ ಪದೇ ಪದೇ ಹೋಗುವ ಯೋಚನೆ ಇದ್ದರೆ ಅದನ್ನೇ ತಗೊಳ್ಳಿ ಅಂತಿದ್ದೆ. ಒಂದೇ ಸಲ ಅಂದರೆ ಎರಡನೆಯದೇ ಸಾಕು, ಮಿಕ್ಕ ಹಣಕ್ಕೆ ಒಳ್ಳೆ ಫ್ಲೀಸ್ ಮತ್ತು ಮಳೆ ಪ್ಯಾಂಟ್. ಎರಡೂವರೆ ಪದರದ ಒಳಮೈ ಚರ್ಮಕ್ಕೆ ಅಂಟುತ್ತೆ, ಆದ್ದರಿಂದ ಒಳಗೆ ತುಂಬು ತೋಳಿನದ್ದು ಹಾಕಿ.

ಕಳಸದ_ಕಡೆಯವ

ಕಿತ್ತಳೆಯದ್ದು. ಮಂಜು ಕವಿದ್ರೆ ಹತ್ತು ಮಾರು ದೂರದವರು ಕಾಣೋದಿಲ್ಲ, ಕಪ್ಪು ಜಾಕೆಟ್ಟಿನವರನ್ನು ಹುಡುಕೋದು ನಮ್ಮ ಗೈಡುಗಳಿಗೆ ದೊಡ್ಡ ತಲೆನೋವು.

ಬ್ಯಾಗಿಗೆ ಹೊರಗಿನ ರೇನ್ ಕವರ್ ಒಂದನ್ನೇ ನಂಬ್ಬೇಡಿ, ಬೆನ್ನಿನ ಕಡೆಯಿಂದ ನೀರು ಇಳೀತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಒಂದು ಜೊತೆ ಒಣ ಬಟ್ಟೆ. ಅದನ್ನು ಕೆಳಗೆ ಜೀಪು ಹತ್ತುವ ತನಕ ಮುಟ್ಟೋದಿಲ್ಲ ಅಂತ ಶಪಥ ಮಾಡಿ. ಕುದುರೆಮುಖಕ್ಕೆ ಮಳೆ ಪ್ಯಾಂಟ್ ಬೇಡ, ಹಳ್ಳ ದಾಟುವಾಗ ಹೇಗೂ ಮೊಣಕಾಲುದ್ದ ನೀರು, ಬೇಗ ಒಣಗುವ ತೆಳು ಪ್ಯಾಂಟು ಸಾಕು. ಉಂಬಳಕ್ಕೆ ಉಪ್ಪಿನ ಪೊಟ್ಟಣ ಜಾಕೆಟ್ ಜೇಬಲ್ಲಿ ಇಡಬೇಡಿ, ನೀರಾಗ್ತದೆ. ಡಬ್ಬಿಯಲ್ಲಿಡಿ. ಪರ್ಮಿಟ್ ಮತ್ತು ಗುರುತಿನ ಚೀಟಿಗೂ ಬೇರೆ ಪ್ಲಾಸ್ಟಿಕ್ ಕವರ್ ಇರ್ಲಿ, ಒದ್ದೆ ಕಾಗದ ಗೇಟಿನಲ್ಲಿ ಬಿಡಿಸೋಕೆ ಹೋದ್ರೆ ಹರಿದು ಕೈಗೆ ಬರ್ತದೆ.