‘ಸಂಬಳ ಏರಿದ್ರೆ ಮದುವೆ ಇಲ್ಲ’: ಒಂದು ಫಾರ್ವರ್ಡ್, ಮೈಸೂರು ಮಾನಸಗಂಗೋತ್ರಿ ಅರ್ಥಶಾಸ್ತ್ರದ ಬ್ಯಾಚ್ ಗುಂಪು

ಶಿವಣ್ಣ, ಮಂಡ್ಯ: [ಫಾರ್ವರ್ಡ್: ಚಿತ್ರ] ಅಮೆರಿಕದ ಗ್ರಾಫು. 40–45ರ ಹೆಂಗಸರು. ಸಂಬಳ ಏರಿದಂಗೆಲ್ಲ ಮದ್ವೆಯಾದೋರು ಕಮ್ಮಿ. ನೋಡ್ಕಳಿ.

ಲತಾ: ಅದು ಈಗಿನ ಸಂಬಳ ಕಣೋ. ಮಗು ಆದ್ಮೇಲೆ ಕೆಲಸ ಬಿಟ್ಟೋರು, ಅರ್ಧ ದಿನಕ್ಕೆ ಇಳಿಸ್ಕೊಂಡೋರು ಎಲ್ಲ ಕಮ್ಮಿ ಸಂಬಳದ ಕಡೆಗೇ ಬೀಳ್ತಾರೆ. ಮದುವೆ ಸಂಬಳ ಇಳಿಸಿದ್ದನ್ನ ನೀನು ತಿರುಗಾಮುರುಗಾ ಓದ್ತಿದೀಯ.

ಮಂಜು: ಮತ್ತೆ ಅಳೆಯೋದು ಹೆಂಗೆ?

ಲತಾ: 25ನೇ ವಯಸ್ಸಿಗೆ ಮದುವೆ ಆಗದೇ ಇರೋರನ್ನ ತಗೋ. ಹಿಂದಿನ ವರ್ಷದ ಸಂಬಳ ಬರ್ಕೋ, ಈ ವರ್ಷ ಮದುವೆ ಆಯ್ತಾ ನೋಡು. ಆದೋರನ್ನ ತೆಗಿ, ಉಳಿದೋರನ್ನ ಮುಂದಿನ ವರ್ಷಕ್ಕೆ ಒಯ್ಯಿ. ಓದ್ತಿರೋರನ್ನ ಬೇರೆ ಇಡು. ಅವರ ಸಂಬಳ ಸೊನ್ನೆ, ಮದುವೇನೂ ಸದ್ಯಕ್ಕಿಲ್ಲ, ಕೆಲಸ ಸಿಗದೋರ ಜೊತೆ ಬೆರೆಸಿದ್ರೆ ಲೆಕ್ಕ ಕೆಡುತ್ತೆ. 30ಕ್ಕೇ ನಿಲ್ಲಿಸ್ಬೇಡ, ಓದಿದೋರು ತಡವಾಗಿ ಆಗ್ತಾರೆ.

ಶಿವಣ್ಣ, ಮಂಡ್ಯ: ಅಮೆರಿಕದ ಅರ್ಥಶಾಸ್ತ್ರಿ ಬೆಕರ್ 1973ರಲ್ಲೇ ಬರ್ದವ್ನಲ್ಲ. ಗಂಡ ಹೊರಗೆ, ಹೆಂಡ್ತಿ ಮನೇಲಿ, ಆ ಹಂಚಿಕೇಲೇ ಲಾಭ. ಅವಳ ಕೂಲಿ ಏರಿದ್ರೆ ಲಾಭ ಇಳೀತದೆ.

ಲತಾ: ಸಮಾಜಶಾಸ್ತ್ರಿ ಹಿರೋಮಿ ಓನೊ 2003ರಲ್ಲಿ ಮೂರು ದೇಶ ಹೋಲಿಸಿದ್ರು. ಅಮೆರಿಕ, ಸ್ವೀಡನ್ನಲ್ಲಿ ಹೆಚ್ಚು ಸಂಬಳದ ಹೆಂಗಸರಿಗೇ ಮದುವೆ ಸಾಧ್ಯತೆ ಹೆಚ್ಚು. ಜಪಾನಲ್ಲಿ ಮಾತ್ರ ಹಂಗೆ ಕಾಣಲಿಲ್ಲ. ಅಲ್ಲಿ ಮನೆಗೆಲಸ ಪೂರ್ತಿ ಹೆಂಗಸಿನ ತಲೆ ಮೇಲೆ.

ಮಂಜು: ನಮ್ಮಲ್ಲೂ ಅಷ್ಟೇ ತಾನೆ? ಸಂಶೋಧಕಿ ದಿವಾ ಧರ್ ಮ್ಯಾಟ್ರಿಮನಿ ಸೈಟಲ್ಲಿ ಸುಳ್ಳು ಪ್ರೊಫೈಲ್ ಹಾಕಿ ನೋಡಿದ್ರು. ಕೆಲಸಕ್ಕೇ ಹೋಗದ ಹುಡುಗಿಗೆ 100 ಗಂಡು ಉತ್ತರ ಕೊಟ್ರೆ ದುಡಿಯೋಳಿಗೆ 78ರಿಂದ 85.

ಲತಾ: ಅದು ಮೊದಲ ಕ್ಲಿಕ್ಕು, ತಾಳಿ ಅಲ್ಲ. ನಮ್ಮ ದೇಶದಲ್ಲಿ 45 ದಾಟೋ ಹೊತ್ತಿಗೆ ಮದುವೆಯೇ ಆಗದ ಹೆಂಗಸರು ಬಲು ಕಮ್ಮಿ. ಇಲ್ಲಿ ಸಂಬಳ ಏನಾದ್ರೂ ಬದಲಿಸಿದ್ರೆ ಯಾವಾಗ, ಯಾರನ್ನ ಅನ್ನೋದನ್ನ.

ಶಿವಣ್ಣ, ಮಂಡ್ಯ: 2023ರ ಫೆಬ್ರವರೀಲಿ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಬ್ರಹ್ಮಚಾರಿಗಳು ನಡ್ಕೊಂಡು ಹೋದ್ರಲ್ಲ, ಹೆಣ್ಣು ಸಿಗ್ಲಿ ಅಂತ. ಹುಡುಗೀರು ಬೆಂಗ್ಳೂರಲ್ಲಿ ಸಂಬಳಕ್ಕೆ ನಿಂತಿದ್ದಕ್ಕೇ ತಾನೆ?

ಸುಮಾ: ಅದೇ ವರ್ಷ ಮಂಡ್ಯದ ಆಲೆಮನೇಲಿ ಗಂಡೋ ಹೆಣ್ಣೋ ಅಂತ ನೋಡೋ ಭ್ರೂಣದ ಸ್ಕ್ಯಾನಿಂಗ್ ಸಿಕ್ಕಿಬಿತ್ತು, ಅದು ಯಾಕೆ ನೆನಪಾಗಲ್ಲ? 2001ರ ಗಣತೀಲೇ ಜಿಲ್ಲೆಯ 0–6ರ ಮಕ್ಕಳಲ್ಲಿ ಸಾವಿರ ಗಂಡಿಗೆ 940 ಹೆಣ್ಣೂ ಇರಲಿಲ್ಲ. ಆ ಗಂಡುಮಕ್ಕಳೇ ಈಗ ಹೆಣ್ಣು ಹುಡುಕ್ತಿರೋದು.

ಮಂಜು: ಅದೊಂದೇ ಅಲ್ಲ ಬಿಡು. ಕಬ್ಬಿನ ದುಡ್ಡು ಕಾರ್ಖಾನೆಯಿಂದ ತಿಂಗಳುಗಟ್ಲೆ ಬಾಕಿ. ಹೆಣ್ಣಿನ ಮನೆಯೋರು ಎಕರೆ ಆಮೇಲೆ ಕೇಳ್ತಾರೆ, ಮೊದ್ಲು ತಿಂಗಳ ಸಂಬಳ.

ಲತಾ: ಶಿವಣ್ಣ, ಆ ಗ್ರಾಫಲ್ಲಿ ಸಂಬಳ ಯಾವ ವರ್ಷದ್ದು? ವಿಚ್ಛೇದನ ಆದೋರು ಯಾವ ಕಡೆ? ಅಡಿಬರಹ ಕಳ್ಸು.

ಶಿವಣ್ಣ, ಮಂಡ್ಯ: ಕೆಳಗಡೆ ಕಟ್ಟಾಗದೆ ಕಣಮ್ಮ. ಬಂದಂಗೆ ಹಾಕಿವ್ನಿ.